ಅತಿವೇಗದ ವಹಿವಾಟಿನಿಂದ ಸಣ್ಣ ಹೂಡಿಕೆದಾರರಿಗೆ ನಷ್ಟವೇ?

ಪ್ರಶ್ನೆ: ನಾನು ಮೂಡಿಗೆರೆ ತಾಲ್ಲೂಕಿನ ಕಾಫಿ ಬೆಳೆಗಾರ. ಕಾಫಿಗೆ ಒಳ್ಳೆಯ ಬೆಲೆ ಬಂದ ವರ್ಷಗಳಲ್ಲಿ ಕೈಯಲ್ಲಿ ಉಳಿದ ಹಣವನ್ನು ಸ್ವಲ್ಪ ಷೇರುಗಳಿಗೂ ಸ್ವಲ್ಪ ಮ್ಯೂಚುವಲ್ ಫಂಡ್ ಎಸ್‌ಐಪಿಗೂ ಹಾಕಿದ್ದೇನೆ. ಫೋನಿನಲ್ಲಿ ಒಂದು ಬೆಲೆ ನೋಡಿ ಖರೀದಿಸಿದರೆ ಎಷ್ಟೋ ಸಲ ಅದಕ್ಕಿಂತ ಹೆಚ್ಚಿನ ಬೆಲೆಗೆ ಷೇರು ಬಂದಿರುತ್ತದೆ. ಮುಂಬೈಯ ಕಂಪ್ಯೂಟರ್‌ಗಳು ನಮ್ಮ ಆರ್ಡರನ್ನು ಮೊದಲೇ ನೋಡಿ, ನಮಗಿಂತ ಮುಂಚೆ ಕೊಂಡು, ನಮಗೇ ಮಾರುತ್ತವೆ ಎಂದು ನನ್ನ ಅಣ್ಣನ ಮಗ ಹೇಳುತ್ತಾನೆ. ಅವನು ಆಪ್ಷನ್ಸ್ (ಷೇರು ಅಥವಾ ಸೂಚ್ಯಂಕವನ್ನು ಮುಂದೆ ನಿಗದಿತ ಬೆಲೆಗೆ ಕೊಳ್ಳುವ ಇಲ್ಲವೇ ಮಾರುವ ಹಕ್ಕಿನ ಒಪ್ಪಂದ) ವಹಿವಾಟು ಮಾಡುತ್ತಾನೆ. ತಿಂಗಳ ಬಾಡಿಗೆಗೆ ಸಿಗುವ ಅಲ್ಗೊ (ತಾನೇ ಆರ್ಡರ್ ಹಾಕುವ ಪ್ರೋಗ್ರಾಮ್) ಒಂದನ್ನು ನಾವೂ ತೆಗೆದುಕೊಳ್ಳೋಣ ಎನ್ನುತ್ತಿದ್ದಾನೆ. ನಮ್ಮಂಥವರು ಈ ಪೇಟೆಯಲ್ಲಿ ಇರಬೇಕೇ, ಬಿಡಬೇಕೇ?

ಉತ್ತರ: ವರ್ಷಗಟ್ಟಲೆ ಇಟ್ಟುಕೊಳ್ಳುವ ಉದ್ದೇಶದಿಂದ ಡೆಲಿವರಿಗೆ ಷೇರು ಕೊಳ್ಳುವ ನಿಮಗೆ ಅತಿವೇಗದ ಯಂತ್ರಗಳಿಂದ ನಷ್ಟ ಆದರೂ ಅದು ಪೈಸೆಗಳ ಲೆಕ್ಕದ್ದು. ದಿನದಲ್ಲಿ ಹಲವು ಸಲ ಆಪ್ಷನ್ಸ್ ಕೊಂಡು ಮಾರುವ ನಿಮ್ಮ ಅಣ್ಣನ ಮಗನಿಗೆ ಆಗಬಹುದಾದ ನಷ್ಟ ಲಕ್ಷಗಳ ಲೆಕ್ಕದ್ದು. ಆದ್ದರಿಂದ ಪೇಟೆ ಬಿಡಬೇಕಾದ ಕಾರಣ ನಿಮಗಿಲ್ಲ, ಯೋಚಿಸಬೇಕಾದವರು ಅವರು. ಪೇಟೆಯೂ ಒಂದೇ, ಯಂತ್ರಗಳೂ ಅವೇ, ಪರಿಣಾಮದಲ್ಲಿ ಮಾತ್ರ ಅಜಗಜಾಂತರ. ಇದು ಏಕೆ ಹೀಗೆ ಎಂಬುದನ್ನು ತುಸು ವಿವರವಾಗಿಯೇ ಹೇಳಬೇಕಾಗುತ್ತದೆ.

ಹೈ ಫ್ರೀಕ್ವೆನ್ಸಿ ಟ್ರೇಡಿಂಗ್ ಎಂದು ಕರೆಯಲಾಗುವ ಅತಿವೇಗದ ವಹಿವಾಟಿನಲ್ಲಿ ಆರ್ಡರ್ ಹಾಕುವುದು, ಬದಲಿಸುವುದು, ರದ್ದು ಮಾಡುವುದು ಎಲ್ಲವನ್ನೂ ಮನುಷ್ಯರ ಕೈ ಸೋಕದೆ ಪ್ರೋಗ್ರಾಮೇ ನಿರ್ಧರಿಸುತ್ತದೆ. ಇವುಗಳಲ್ಲಿ ಹೆಚ್ಚಿನವು ಮಾಡುವ ಕೆಲಸ ಎರಡು ಬಗೆಯದು. ಒಂದು, ಒಂದೇ ಷೇರಿಗೆ ಕೊಳ್ಳುವ ಬೆಲೆಯನ್ನೂ ಮಾರುವ ಬೆಲೆಯನ್ನೂ ಏಕಕಾಲಕ್ಕೆ ಕೂಗುತ್ತಾ, ಎರಡರ ನಡುವಿನ ಐದು ಹತ್ತು ಪೈಸೆಯ ಅಂತರವನ್ನು ದಿನಕ್ಕೆ ಸಾವಿರಾರು ಸಲ ಗಳಿಸುವುದು. ಇನ್ನೊಂದು, ಎನ್‌ಎಸ್‌ಇ ಮತ್ತು ಬಿಎಸ್‌ಇ ಎಂಬ ಎರಡು ಷೇರು ವಿನಿಮಯ ಕೇಂದ್ರಗಳ ನಡುವೆ, ಅಥವಾ ಎನ್‌ಎಸ್‌ಇಯ ಸೂಚ್ಯಂಕವಾದ ನಿಫ್ಟಿಯ ಫ್ಯೂಚರ್ಸ್ (ಮುಂದಿನ ದಿನಾಂಕಕ್ಕೆ ಇಂದೇ ಬೆಲೆ ಗೊತ್ತುಮಾಡುವ ಒಪ್ಪಂದ) ಮತ್ತು ನಿಫ್ಟಿಯೊಳಗಿನ ಐವತ್ತು ಷೇರುಗಳ ನಡುವೆ ಬೆಲೆ ಅರೆಕ್ಷಣ ತಾಳ ತಪ್ಪಿದರೆ, ಅಗ್ಗದ ಕಡೆ ಕೊಂಡು ದುಬಾರಿಯ ಕಡೆ ಮಾರುವುದು. ಒಂದೊಂದು ವ್ಯವಹಾರದ ಲಾಭ ಅತ್ಯಲ್ಪವಾದ್ದರಿಂದ ಇಲ್ಲಿ ಮೊದಲು ಮುಟ್ಟಿದವನಿಗಷ್ಟೇ ಸಿಗುತ್ತದೆ, ಎರಡನೆಯವನಿಗೆ ಏನೂ ಉಳಿಯುವುದಿಲ್ಲ. ವೇಗಕ್ಕೆ ಇಷ್ಟು ಬೆಲೆ ಬಂದದ್ದು ಹೀಗೆ.

ಆ ವೇಗದ ಅಂದಾಜು ಸಿಗಲು ಒಂದು ಲೆಕ್ಕ ನೋಡಿ. ಮೂಡಿಗೆರೆಯಿಂದ ಮುಂಬೈಗೆ ನೆಟ್ಟಗೆ ಗೆರೆ ಎಳೆದರೂ 700 ಕಿಲೋಮೀಟರ್ ದಾಟುತ್ತದೆ. ಆಪ್ಟಿಕಲ್ ಫೈಬರಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಸಾಗುತ್ತದೆ. ಎಂದರೆ ನಡುವೆ ಟವರ್, ರೂಟರ್, ಬ್ರೋಕರ್ ಸರ್ವರ್ ಯಾವುದೂ ಇಲ್ಲದಿದ್ದರೂ ನಿಮ್ಮ ಆರ್ಡರ್ ಅಲ್ಲಿಗೆ ತಲುಪಲು ಮೂರೂವರೆ ಮಿಲಿಸೆಕೆಂಡ್ ಬೇಕೇ ಬೇಕು; ನಿಜದಲ್ಲಿ ಅದರ ಹತ್ತಾರು ಪಟ್ಟು ಹಿಡಿಯುತ್ತದೆ. ವಿನಿಮಯ ಕೇಂದ್ರದ ಕಟ್ಟಡದಲ್ಲೇ ಬಾಡಿಗೆಗೆ ಜಾಗ ಪಡೆದು, ಕೇಂದ್ರದ ಕಂಪ್ಯೂಟರಿನ ಪಕ್ಕದಲ್ಲೇ ತಮ್ಮ ಸರ್ವರ್ ಇಟ್ಟಿರುವ ಸಂಸ್ಥೆಗಳು ತಮ್ಮ ಸಮಯವನ್ನು ಮೈಕ್ರೋಸೆಕೆಂಡಿನಲ್ಲಿ, ಅಂದರೆ ಮಿಲಿಸೆಕೆಂಡಿನ ಸಾವಿರದಲ್ಲೊಂದು ಭಾಗದಲ್ಲಿ ಅಳೆಯುತ್ತವೆ. ಈ ಏರ್ಪಾಡಿಗೆ ಕೊ-ಲೊಕೇಶನ್ ಎಂದು ಹೆಸರು. ಬ್ರೋಕರರ ವ್ಯವಸ್ಥೆಯ ಮೂಲಕವೇ, ಆದರೆ ಅವರ ಕೈ ಸೋಕದೆ, ದೊಡ್ಡ ಸಂಸ್ಥೆಗಳ ಆರ್ಡರ್ ನೇರವಾಗಿ ಪೇಟೆಗೆ ಹೋಗಲು ಷೇರುಪೇಟೆಯ ನಿಯಂತ್ರಕ ಸೆಬಿ 2008ರ ಏಪ್ರಿಲ್‌ನಲ್ಲಿ ಅವಕಾಶ ಕೊಟ್ಟಿತು. 2010ರ ಹೊತ್ತಿಗೆ ಎನ್‌ಎಸ್‌ಇಯಲ್ಲಿ ಕೊ-ಲೊಕೇಶನ್ ಶುರುವಾಯಿತು. ನಿಮ್ಮ ಬೆರಳು ಪರದೆಯ ಮೇಲಿಂದ ಏಳುವಷ್ಟರಲ್ಲಿ ಆ ಯಂತ್ರಗಳು ತಮ್ಮ ಬೆಲೆಯನ್ನು ಹಲವು ಬಾರಿ ಬದಲಿಸಿ ಆಗಿರುತ್ತದೆ ಎಂಬುದು ಉತ್ಪ್ರೇಕ್ಷೆಯಲ್ಲ.

ಹಾಗಾದರೆ ಅವು ನಿಮ್ಮ ಆರ್ಡರನ್ನು ಮೊದಲೇ ನೋಡುತ್ತವೆಯೇ? ಇಲ್ಲ. ಈ ಭಯ ಅಮೆರಿಕದಿಂದ ಬಂದದ್ದು. ಅಲ್ಲಿ ಹತ್ತಕ್ಕೂ ಹೆಚ್ಚು ವಿನಿಮಯ ಕೇಂದ್ರಗಳಿವೆ. ಒಂದೇ ದೊಡ್ಡ ಆರ್ಡರ್ ಹಲವು ಕಡೆಗೆ ಹರಿದು ಹೋಗುವಾಗ ಮೊದಲ ಕೇಂದ್ರದಲ್ಲಿ ಅದರ ಸುಳಿವು ಹಿಡಿದು ಎರಡನೆಯದಕ್ಕೆ ಮೊದಲೇ ಓಡಲು ಸಾಧ್ಯವಿದೆ. ಸಾಲದ್ದಕ್ಕೆ ಅಲ್ಲಿನ ಹಲವು ಬ್ರೋಕರ್‌ಗಳು ಸಣ್ಣ ಗ್ರಾಹಕರ ಆರ್ಡರ್‌ಗಳನ್ನು ವಿನಿಮಯ ಕೇಂದ್ರಕ್ಕೆ ಕಳಿಸದೆ ದೊಡ್ಡ ವಹಿವಾಟು ಸಂಸ್ಥೆಗಳಿಗೆ ದುಡ್ಡಿಗೆ ಒಪ್ಪಿಸುತ್ತಾರೆ. ನಮ್ಮಲ್ಲಿ ಹಾಗೆ ಮಾಡುವಂತಿಲ್ಲ. ನಿಮ್ಮ ಆರ್ಡರ್ ವಿನಿಮಯ ಕೇಂದ್ರಕ್ಕೇ ಹೋಗಬೇಕು. ಅಲ್ಲಿ ಉತ್ತಮ ಬೆಲೆಯವರಿಗೆ ಮೊದಲ ಆದ್ಯತೆ, ಬೆಲೆ ಸಮವಾದರೆ ಮೊದಲು ಬಂದವರಿಗೆ ಆದ್ಯತೆ. ಗ್ರಾಹಕರ ಆರ್ಡರಿನ ಸುಳಿವು ಹಿಡಿದು ಅದಕ್ಕಿಂತ ಮುಂಚೆ ಸ್ವಂತಕ್ಕೆ ಕೊಳ್ಳುವುದು ಸೆಬಿ ನಿಯಮದ ಪ್ರಕಾರ ಅಪರಾಧ. ನೂರು ಇನ್ನೂರು ಷೇರುಗಳ ಆರ್ಡರಿಗಾಗಿ ಆ ಅಪಾಯಕ್ಕೆ ಯಾರೂ ಕೈ ಹಾಕುವುದಿಲ್ಲ ಕೂಡ.

ಹಾಗಿದ್ದರೂ ನಿಮ್ಮ ಅನುಭವ ಸುಳ್ಳಲ್ಲ. ಅದರ ಕಾರಣ ಬೇರೆ. ಉದಾಹರಣೆಗೆ ಒಂದು ಸಣ್ಣ ಕಂಪನಿಯ ಷೇರನ್ನು ತೆಗೆದುಕೊಳ್ಳೋಣ. ನಿಮ್ಮ ಪರದೆಯ ಮೇಲೆ ಬೆಲೆ 212 ರೂಪಾಯಿ ಎಂದಿದೆ. ಆದರೆ 212ಕ್ಕೆ ಮಾರಲು ಸಿದ್ಧವಿರುವುದು 40 ಷೇರು ಮಾತ್ರ; ಮುಂದಿನ 60 ಷೇರು 212 ರೂಪಾಯಿ 60 ಪೈಸೆಗೆ, ನಂತರದ 100 ಷೇರು 214ಕ್ಕೆ, ಅದರಾಚೆಯ 300 ಷೇರು 217 ರೂಪಾಯಿ 50 ಪೈಸೆಗೆ ಕಾದಿವೆ. ನೀವು 400 ಷೇರಿಗೆ ಮಾರ್ಕೆಟ್ ಆರ್ಡರ್ ಹಾಕಿದಿರಿ ಎಂದರೆ, ಬೆಲೆ ಎಷ್ಟಾದರೂ ಸರಿ ಈಗಲೇ ಬೇಕು ಎಂದು ಹೇಳಿದಂತೆ. ಆ ಆರ್ಡರ್ ಮೊದಲ ಮೂರು ಸಾಲುಗಳನ್ನೂ ಖಾಲಿ ಮಾಡಿ ನಾಲ್ಕನೆಯದರಲ್ಲಿ 200 ಷೇರು ಎತ್ತುತ್ತದೆ. ಒಟ್ಟು 86,136 ರೂಪಾಯಿ. ಸರಾಸರಿ 215 ರೂಪಾಯಿ 34 ಪೈಸೆ. ನೀವು ಅಂದುಕೊಂಡದ್ದು 84,800. ಈ 1,336 ರೂಪಾಯಿಯ ವ್ಯತ್ಯಾಸವನ್ನು ಯಾವ ಯಂತ್ರವೂ ಕದಿಯಲಿಲ್ಲ. ನಿಮ್ಮ ಆರ್ಡರೇ ಬೆಲೆಯನ್ನು ಮೇಲಕ್ಕೆ ತಳ್ಳಿತು. ಬ್ರೋಕರ್ ಆ್ಯಪಿನಲ್ಲಿ ಮಾರ್ಕೆಟ್ ಡೆಪ್ತ್ ಎಂಬ ಪಟ್ಟಿ ತೆರೆದರೆ ಕೊಳ್ಳುವ ಐದು, ಮಾರುವ ಐದು ಸಾಲುಗಳು ಕಾಣುತ್ತವೆ. ಖರೀದಿಗೆ ಮುಂಚೆ ಅದನ್ನೊಮ್ಮೆ ನೋಡಿ, 212 ರೂಪಾಯಿ 60 ಪೈಸೆಗಿಂತ ಹೆಚ್ಚು ಕೊಡುವುದಿಲ್ಲ ಎಂದು ಲಿಮಿಟ್ ಆರ್ಡರ್ ಹಾಕಿದ್ದರೆ ಮೊದಲಿಗೆ ನೂರು ಷೇರು ಬರುತ್ತಿತ್ತು, ಉಳಿದದ್ದಕ್ಕೆ ಕಾಯಬಹುದಿತ್ತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ವಹಿವಾಟು ವಿರಳವಾದ ಇಂಥ ಸಣ್ಣ ಷೇರುಗಳಲ್ಲಿ ಅತಿವೇಗದ ಯಂತ್ರಗಳು ಇರುವುದೇ ಕಡಿಮೆ, ಏಕೆಂದರೆ ಕೊಂಡದ್ದನ್ನು ಮರುಕ್ಷಣ ಮಾರಲು ಅಲ್ಲಿ ಗಿರಾಕಿ ಸಿಗುವುದಿಲ್ಲ. ಅವು ಗಿಜಿಗುಡುವುದು ನಿಫ್ಟಿಯ ದೊಡ್ಡ ಷೇರುಗಳಲ್ಲಿ, ಸೂಚ್ಯಂಕದ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ಗಳಲ್ಲಿ. ಆ ದೊಡ್ಡ ಷೇರುಗಳಲ್ಲಿ ಅವುಗಳ ನಡುವಿನ ಪೈಪೋಟಿಯಿಂದಲೇ ಕೊಳ್ಳುವ ಮತ್ತು ಮಾರುವ ಬೆಲೆಯ ಅಂತರ ಪೈಸೆಗಳಿಗೆ ಇಳಿದಿದೆ. 250 ರೂಪಾಯಿಗಿಂತ ಕಡಿಮೆ ಬೆಲೆಯ ಷೇರುಗಳಿಗೆ ಬೆಲೆಯ ಕನಿಷ್ಠ ಏರಿಳಿತವನ್ನು ಎನ್‌ಎಸ್‌ಇ 2024ರ ಜೂನ್‌ನಲ್ಲಿ ಐದು ಪೈಸೆಯಿಂದ ಒಂದು ಪೈಸೆಗೆ ಇಳಿಸಿದ ಮೇಲೆ ಇನ್ನಷ್ಟು ಕಿರಿದಾಗಲು ಅವಕಾಶವಾಯಿತು. ಸಾವಿರ ರೂಪಾಯಿಯ ದೊಡ್ಡ ಷೇರೊಂದನ್ನು ನೂರು ಕೊಂಡಿರಿ ಎನ್ನಿ. ಅಂತರ ಹತ್ತು ಪೈಸೆ ಇದ್ದರೆ ಅದರಿಂದ ನಿಮಗೆ ಬೀಳುವ ಹೊರೆ ಹತ್ತು ರೂಪಾಯಿ. ಅದೇ ಒಂದು ಲಕ್ಷದ ಖರೀದಿಗೆ ಸರ್ಕಾರಕ್ಕೆ ಹೋಗುವ ಷೇರು ವಹಿವಾಟು ತೆರಿಗೆ 100 ರೂಪಾಯಿ, ಮುದ್ರಾಂಕ ಶುಲ್ಕ 15 ರೂಪಾಯಿ; ಮಾರುವಾಗ ಅದೇ ದರದ ತೆರಿಗೆ ಇನ್ನೊಮ್ಮೆ. ಐದು ವರ್ಷ ಇಟ್ಟುಕೊಳ್ಳುವವರಿಗೆ ಆ ಹತ್ತು ರೂಪಾಯಿ ಲೆಕ್ಕಕ್ಕೇ ಬಾರದು. ದಿನವೂ ಹತ್ತು ಸಲ ಕೊಂಡು ಮಾರುವವರಿಗೆ ತಿಂಗಳ ಕೊನೆಯಲ್ಲಿ ಅದೇ ಬಂಡವಾಳವನ್ನು ಕರಗಿಸುತ್ತದೆ.

ನಿಮಗೆ ತಟ್ಟುವ ತೊಂದರೆಗಳೂ ಇವೆ, ಅವನ್ನು ಮುಚ್ಚಿಡಬಾರದು. ಮೊದಲನೆಯದು ನಿಮ್ಮ ಎಸ್‌ಐಪಿಯ ದಾರಿಯಿಂದ ಬರುತ್ತದೆ. ಯಂತ್ರಗಳು ಹುಡುಕುವುದು ನಿಮ್ಮ ಆರ್ಡರನ್ನಲ್ಲ, ಲಕ್ಷಾಂತರ ಷೇರು ಕೊಳ್ಳಲು ಹೊರಟ ಮ್ಯೂಚುವಲ್ ಫಂಡಿನ ಹೆಜ್ಜೆ ಗುರುತನ್ನು. ದೊಡ್ಡ ಆರ್ಡರನ್ನು ಫಂಡಿನವರು ಸಾವಿರಾರು ಚೂರು ಮಾಡಿ ತಮ್ಮದೇ ಅಲ್ಗೊ ಮೂಲಕ ಪೇಟೆಗೆ ಬಿಡುತ್ತಾರೆ. ಆದರೂ ಒಂದೇ ಕಡೆಯಿಂದ ಸತತವಾಗಿ ಖರೀದಿ ಬರುತ್ತಿದೆ ಎಂದು ಗ್ರಹಿಸಿದ ಯಂತ್ರ ಬೆಲೆಯನ್ನು ಮೆಲ್ಲಗೆ ಏರಿಸಿದರೆ, ಹೆಚ್ಚಿದ ಆ ಖರ್ಚು ಫಂಡಿನ ಎನ್‌ಎವಿಯಲ್ಲಿ, ಅಂದರೆ ಒಂದು ಯೂನಿಟ್ಟಿನ ಬೆಲೆಯಲ್ಲಿ, ಸೇರಿ ಎಲ್ಲ ಹೂಡಿಕೆದಾರರಿಗೂ ಹಂಚಿಹೋಗುತ್ತದೆ. ಸೂಚ್ಯಂಕಕ್ಕೆ ಯಾವ ಷೇರು ಸೇರುತ್ತದೆ, ಯಾವುದು ಹೊರಹೋಗುತ್ತದೆ ಎಂಬುದು ಮೊದಲೇ ಪ್ರಕಟವಾಗುವುದರಿಂದ, ಸೂಚ್ಯಂಕದಲ್ಲಿರುವ ಷೇರುಗಳನ್ನೇ ಕೊಳ್ಳುವ ಇಂಡೆಕ್ಸ್ ಫಂಡ್‌ಗಳ ನಡೆ ಎಲ್ಲರಿಗೂ ಗೊತ್ತಿರುತ್ತದೆ. ಈ ಹೊರೆ ದೀರ್ಘಾವಧಿಯ ಪ್ರತಿಫಲದ ಎದುರು ಸಣ್ಣದೇ. ಇಂಡೆಕ್ಸ್ ಫಂಡ್ ಬಿಡುವುದಕ್ಕೆ ಅದು ಕಾರಣವಾಗಲಾರದು.

ಎರಡನೆಯದು, ಈ ಯಂತ್ರಗಳು ಒದಗಿಸುವ ಅನುಕೂಲ ಅಗತ್ಯ ಬಿದ್ದ ಹೊತ್ತಿನಲ್ಲೇ ಮಾಯವಾಗಬಹುದು. ಬೆಲೆ ಕೂಗಲೇಬೇಕು ಎಂಬ ಕಟ್ಟುಪಾಡು ಅವುಗಳಲ್ಲಿ ಹೆಚ್ಚಿನವಕ್ಕೆ ಇಲ್ಲ. 2010ರ ಮೇ 6ರ ಮಧ್ಯಾಹ್ನ ಅಮೆರಿಕದಲ್ಲಿ ಫಂಡ್ ಒಂದರ 75,000 ಫ್ಯೂಚರ್ಸ್ ಒಪ್ಪಂದಗಳ ಮಾರಾಟ ಶುರುವಾದಾಗ ಯಂತ್ರಗಳು ಅವನ್ನು ಒಂದಕ್ಕೊಂದು ದಾಟಿಸುತ್ತಾ ಹೋಗಿ, ಕೊನೆಗೆ ಹಲವು ಹಿಂದೆ ಸರಿದವು. ಅಲ್ಲಿನ ಸೂಚ್ಯಂಕ ಡೌ ಜೋನ್ಸ್ ನಿಮಿಷಗಳಲ್ಲಿ ಸುಮಾರು ಸಾವಿರ ಅಂಶ ಕುಸಿದು ಮತ್ತೆ ಎದ್ದಿತು. ಆಕ್ಸೆಂಚರ್‌ನಂಥ ದೊಡ್ಡ ಕಂಪನಿಯ ಷೇರು ಒಂದು ಸೆಂಟಿಗೆ ವಹಿವಾಟಾಯಿತು. 2012ರ ಆಗಸ್ಟ್ 1ರಂದು ನೈಟ್ ಕ್ಯಾಪಿಟಲ್ ಎಂಬ ಸಂಸ್ಥೆ ತನ್ನದೇ ಸಾಫ್ಟ್‌ವೇರಿನ ದೋಷದಿಂದ ಸುಮಾರು 45 ನಿಮಿಷಗಳಲ್ಲಿ 44 ಕೋಟಿ ಡಾಲರ್ ಕಳೆದುಕೊಂಡಿತು. ಹಾಗೆಂದು ಎಲ್ಲ ಕುಸಿತವನ್ನೂ ಯಂತ್ರದ ತಲೆಗೆ ಕಟ್ಟುವುದು ಸರಿಯಲ್ಲ. ಅದೇ ವರ್ಷದ ಅಕ್ಟೋಬರ್ 5ರಂದು ನಮ್ಮ ನಿಫ್ಟಿ ಕ್ಷಣಾರ್ಧದಲ್ಲಿ ಸುಮಾರು 900 ಅಂಶ ಬಿದ್ದು ವಹಿವಾಟು ನಿಂತದ್ದು ಬ್ರೋಕರ್ ಕಚೇರಿಯೊಂದರಿಂದ ತಪ್ಪಾಗಿ ಹೋದ ಆರ್ಡರ್‌ಗಳಿಂದ.

ಇಂಥ ಕ್ಷಣಿಕ ಕುಸಿತಗಳಲ್ಲಿ ಪೆಟ್ಟು ತಿನ್ನುವವರು ಸ್ಟಾಪ್-ಲಾಸ್ (ಬೆಲೆ ಇಷ್ಟಕ್ಕೆ ಇಳಿದರೆ ಮಾರು ಎಂಬ ಆರ್ಡರ್) ಹಾಕಿಟ್ಟು ಬೆಲೆಯ ಮಿತಿ ಹಾಕದವರು. ಬೆಲೆ ಮುಟ್ಟಿದ ಕೂಡಲೇ ಅವರ ಷೇರು ಸಿಕ್ಕ ಬೆಲೆಗೆ ಮಾರಾಟವಾಗಿ, ಐದು ನಿಮಿಷದಲ್ಲಿ ಬೆಲೆ ಮೊದಲಿನ ಜಾಗಕ್ಕೆ ಬಂದಿರುತ್ತದೆ. ಬಿಎಸ್‌ಇ 2023ರ ಅಕ್ಟೋಬರ್‌ನಿಂದ ಮಿತಿಯಿಲ್ಲದ ಸ್ಟಾಪ್-ಲಾಸ್ ಆರ್ಡರ್‌ಗಳನ್ನು ನಿಲ್ಲಿಸಿದ್ದರ ಹಿಂದೆ ಇರುವುದು ಇದೇ ತರ್ಕ. ಲಿಮಿಟ್ ಆರ್ಡರನ್ನು ಹಾಕಿ ಮರೆತುಬಿಡುವುದೂ ಒಳ್ಳೆಯದಲ್ಲ. ಮಂಡಳಿ ಸಭೆ ನಡೆದು ಪೇಟೆಯ ಹೊತ್ತಿನಲ್ಲೇ ತ್ರೈಮಾಸಿಕ ಫಲಿತಾಂಶ ಬಂದರೆ, ಆ ಸುದ್ದಿಯನ್ನು ಯಂತ್ರಗಳು ಓದಿ ಮುಗಿಸಿ ನಿಮ್ಮ ಹಳೆಯ ಬೆಲೆಯ ಆರ್ಡರನ್ನು ಎತ್ತಿಕೊಳ್ಳುತ್ತವೆ. ನೀವು ಕಣಕ್ಕೆ ಹೋಗಿ ಬರುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಫಲಿತಾಂಶದ ದಿನ ಬಾಕಿ ಆರ್ಡರ್‌ಗಳನ್ನು ರದ್ದು ಮಾಡಿಡುವುದು ಲೇಸು.

ಈಗ ನ್ಯಾಯದ ಪ್ರಶ್ನೆ. ಎಲ್ಲರಿಗೂ ಒಂದೇ ನಿಯಮದಡಿ ಮಾರಿದ ವೇಗ ಬೇರೆ, ಕೆಲವರಿಗೆ ಮಾತ್ರ ಸಿಕ್ಕ ವೇಗ ಬೇರೆ. ಎನ್‌ಎಸ್‌ಇಯ ಕೊ-ಲೊಕೇಶನ್ ಪ್ರಕರಣದಲ್ಲಿ ಎದ್ದದ್ದು ಎರಡನೆಯ ಆರೋಪ. ಆಗಿನ ವ್ಯವಸ್ಥೆಯಲ್ಲಿ ಬೆಲೆಯ ಮಾಹಿತಿ ಎಲ್ಲ ಸರ್ವರ್‌ಗಳಿಗೂ ಒಟ್ಟಿಗೆ ಹೋಗದೆ ಒಂದರ ನಂತರ ಒಂದಕ್ಕೆ ಹೋಗುತ್ತಿತ್ತು. ಬೆಳಿಗ್ಗೆ ಮೊದಲು ಲಾಗಿನ್ ಆದವರಿಗೆ ಮೊದಲು ತಲುಪುತ್ತಿತ್ತು. 2014ರಲ್ಲಿ ಎಲ್ಲರಿಗೂ ಏಕಕಾಲಕ್ಕೆ ಕಳಿಸುವ ವ್ಯವಸ್ಥೆ ಬಂತು. 2015ರಲ್ಲಿ ಸೆಬಿಗೆ ದೂರು ಹೋಯಿತು. 2019ರ ಏಪ್ರಿಲ್ 30ರಂದು ಸೆಬಿ, ಎನ್‌ಎಸ್‌ಇ 624.89 ಕೋಟಿ ರೂಪಾಯಿಯನ್ನು ಶೇ 12ರ ಬಡ್ಡಿಯೊಂದಿಗೆ ಕಟ್ಟಬೇಕೆಂದು ಆದೇಶಿಸಿತು. 2023ರ ಜನವರಿಯಲ್ಲಿ ಮೇಲ್ಮನವಿ ನ್ಯಾಯಮಂಡಳಿ ಅದನ್ನು ತಳ್ಳಿಹಾಕಿ, ಎಚ್ಚರ ವಹಿಸದ ಲೋಪಕ್ಕಾಗಿ 100 ಕೋಟಿ ಕಟ್ಟುವಂತೆ ಹೇಳಿತು. ಈ ನಡುವೆ 2018ರಲ್ಲಿ ಸೆಬಿ ಪ್ರತಿ ಬದಲಾವಣೆಯ ಬೆಲೆ ಮಾಹಿತಿಯನ್ನು ಎಲ್ಲ ಸದಸ್ಯರಿಗೂ ಉಚಿತವಾಗಿ ಕೊಡುವಂತೆಯೂ, ಸಣ್ಣ ಬ್ರೋಕರ್‌ಗಳು ಕೊ-ಲೊಕೇಶನ್ ಜಾಗವನ್ನು ಹಂಚಿಕೊಳ್ಳಲು ಸಾಧ್ಯವಾಗುವಂತೆಯೂ ನಿಯಮ ತಂದಿತು. ಎಲ್ಲರನ್ನೂ ಸಮನಾಗಿ ಕಾಣಬೇಕಾದ ವಿನಿಮಯ ಕೇಂದ್ರವೇ ವೇಗವನ್ನು ಮಾರಿ ಆದಾಯ ಪಡೆಯುವುದರಲ್ಲಿ ಹಿತಾಸಕ್ತಿಯ ಘರ್ಷಣೆ ಇದ್ದೇ ಇದೆ ಎಂಬುದು ನನ್ನ ಖಚಿತ ಅಭಿಪ್ರಾಯ. ನಿಯಮ ಎಷ್ಟು ಬಿಗಿಯಾದರೂ ಆ ಘರ್ಷಣೆ ಪೂರ್ತಿ ಹೋಗುವುದಿಲ್ಲ.

ವೇಗದ ಓಟವನ್ನೇ ನಿರರ್ಥಕಗೊಳಿಸುವ ದಾರಿಯೊಂದನ್ನು ಅರ್ಥಶಾಸ್ತ್ರಜ್ಞರು ಸೂಚಿಸಿದ್ದಾರೆ. ಅದು ನಮ್ಮ ಜಿಲ್ಲೆಗಳವರಿಗೆ ಸುಲಭವಾಗಿ ಅರ್ಥವಾಗುವಂಥದ್ದು. ಅರಸೀಕೆರೆ ಎಪಿಎಂಸಿಯಲ್ಲಿ ಕೊಬ್ಬರಿಯ ಇ-ಟೆಂಡರ್ ನೋಡಿರುತ್ತೀರಿ: ನಿಗದಿತ ಹೊತ್ತಿನೊಳಗೆ ವರ್ತಕರೆಲ್ಲ ತಮ್ಮ ದರ ನಮೂದಿಸುತ್ತಾರೆ, ಹೊತ್ತು ಮುಗಿದ ಮೇಲೆ ಲಾಟಿಗೆ ಹೆಚ್ಚು ಬರೆದವರಿಗೆ ಮಾಲು. ಮೊದಲ ನಿಮಿಷದಲ್ಲಿ ಬರೆದರೂ ಕೊನೆಯ ನಿಮಿಷದಲ್ಲಿ ಬರೆದರೂ ಗೆಲ್ಲುವುದು ದರವೇ ಹೊರತು ಬೆರಳಿನ ಚುರುಕಲ್ಲ. ಷೇರುಪೇಟೆಯಲ್ಲೂ ನಿರಂತರ ವಹಿವಾಟಿನ ಬದಲು ಸೆಕೆಂಡಿನ ಒಂದೊಂದು ಸಣ್ಣ ಭಾಗಕ್ಕೆ ಬಂದ ಆರ್ಡರ್‌ಗಳನ್ನೆಲ್ಲ ಒಟ್ಟುಗೂಡಿಸಿ ಹೀಗೆ ಹರಾಜು ನಡೆಸಿದರೆ ಮೈಕ್ರೋಸೆಕೆಂಡಿನ ಮುನ್ನಡೆಗೆ ಬೆಲೆ ಇರುವುದಿಲ್ಲ. ಷಿಕಾಗೊ ವಿಶ್ವವಿದ್ಯಾಲಯದ ಎರಿಕ್ ಬುಡಿಶ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ವಾದ ಇದು. ಅಮೆರಿಕದ ಐಇಎಕ್ಸ್ ಎಂಬ ವಿನಿಮಯ ಕೇಂದ್ರ ಇನ್ನೊಂದು ಉಪಾಯ ಮಾಡಿತು: 38 ಮೈಲಿ ಉದ್ದದ ಫೈಬರನ್ನು ಸುರುಳಿ ಸುತ್ತಿ, ಬರುವ ಆರ್ಡರ್‌ಗಳನ್ನು 350 ಮೈಕ್ರೋಸೆಕೆಂಡ್ ತಡವಾಗಿಸಿತು. ನಮ್ಮಲ್ಲೂ ಬೆಳಿಗ್ಗೆ 9ಕ್ಕೆ ಶುರುವಾಗುವ ಪ್ರೀ-ಓಪನ್ ಅವಧಿಯಲ್ಲಿ ಆರಂಭಿಕ ಬೆಲೆ ಗೊತ್ತಾಗುವುದು ಹೀಗೆ ಆರ್ಡರ್‌ಗಳನ್ನು ಒಟ್ಟುಗೂಡಿಸಿಯೇ. ದಿನವಿಡೀ ಈ ಕ್ರಮ ತರುವ ಧೈರ್ಯವನ್ನು ಸೆಬಿ ಒಂದು ದಿನ ತೋರಲಿ ಎಂಬುದು ನನ್ನ ಆಸೆ.

ಇನ್ನು ನಿಮ್ಮ ಅಣ್ಣನ ಮಗನ ವಿಷಯ. ಇದನ್ನು ಅವರಿಗೆ ಓದಿ ಹೇಳಿ. ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟು ಮಾಡಿದ ಸಾಮಾನ್ಯರಲ್ಲಿ ಶೇ 93ರಷ್ಟು ಮಂದಿ ಹಣ ಕಳೆದುಕೊಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. 2023-24ರಲ್ಲಿ, ಶುಲ್ಕ ತೆರಿಗೆಗಳನ್ನು ಕಳೆಯುವ ಮುನ್ನ, ಸ್ವಂತ ಬಂಡವಾಳದಲ್ಲಿ ವಹಿವಾಟು ಮಾಡುವ ಸಂಸ್ಥೆಗಳು ಸುಮಾರು 33,000 ಕೋಟಿ, ವಿದೇಶಿ ಸಂಸ್ಥೆಗಳು ಸುಮಾರು 28,000 ಕೋಟಿ ಲಾಭ ಮಾಡಿದವು. ವಿದೇಶಿ ಸಂಸ್ಥೆಗಳ ಲಾಭದಲ್ಲಿ ಶೇ 97, ಸ್ವಂತ ಬಂಡವಾಳದ ಸಂಸ್ಥೆಗಳ ಲಾಭದಲ್ಲಿ ಶೇ 96 ಬಂದದ್ದು ಅಲ್ಗೊ ಮೂಲಕ. ಆಪ್ಷನ್ಸ್‌ನಲ್ಲಿ ಒಬ್ಬರ ಗಳಿಕೆ ಇನ್ನೊಬ್ಬರ ನಷ್ಟದಿಂದಲೇ ಬರಬೇಕು. ಕಂಪನಿ ಬೆಳೆದು ಎಲ್ಲರಿಗೂ ಸಿಗುವ ಪಾಲು ಅಲ್ಲಿಲ್ಲ. ಡೆಲಿವರಿ ಷೇರಿಗೂ ಆಪ್ಷನ್ಸ್‌ಗೂ ಇರುವ ಮೂಲ ವ್ಯತ್ಯಾಸ ಇದು. ವಾರದ ಎಕ್ಸ್‌ಪೈರಿಗಳನ್ನು (ವಾರಕ್ಕೊಮ್ಮೆ ಅವಧಿ ಮುಗಿಯುವ ಒಪ್ಪಂದಗಳನ್ನು) ಪ್ರತಿ ವಿನಿಮಯ ಕೇಂದ್ರದಲ್ಲಿ ಒಂದೇ ಸೂಚ್ಯಂಕಕ್ಕೆ ಸೀಮಿತಗೊಳಿಸಿ, ಒಪ್ಪಂದದ ಗಾತ್ರವನ್ನು ಕನಿಷ್ಠ 15 ಲಕ್ಷಕ್ಕೆ ಏರಿಸಿದ ನಂತರವೂ, 2024-25ರಲ್ಲಿ ನಷ್ಟ ಅನುಭವಿಸಿದವರ ಪ್ರಮಾಣ ಶೇ 91 ಎಂದು ಸೆಬಿಯ ಮುಂದಿನ ವರ್ಷದ ಅಧ್ಯಯನ ಹೇಳಿತು.

ವೇಗಕ್ಕೆ ಬಂಡವಾಳದ ಬಲವೂ ಸೇರಿದರೆ ಏನಾಗಬಹುದು ಎಂಬುದಕ್ಕೆ 2025ರ ಜುಲೈ 3ರಂದು ಅಮೆರಿಕದ ಜೇನ್ ಸ್ಟ್ರೀಟ್ ಸಮೂಹದ ವಿರುದ್ಧ ಸೆಬಿ ಹೊರಡಿಸಿದ ಮಧ್ಯಂತರ ಆದೇಶವನ್ನು ನೋಡಬಹುದು. ಬೆಳಿಗ್ಗೆ ಬ್ಯಾಂಕ್ ಷೇರುಗಳನ್ನು ಭಾರಿ ಮೊತ್ತಕ್ಕೆ ಕೊಂಡು ಸೂಚ್ಯಂಕವನ್ನು ಎತ್ತಿ, ಅದೇ ಹೊತ್ತಿಗೆ ಆಪ್ಷನ್ಸ್‌ನಲ್ಲಿ ಕುಸಿತದ ಕಡೆಗೆ ಹಣ ಹೂಡಿ, ಮಧ್ಯಾಹ್ನ ಷೇರುಗಳನ್ನು ಮಾರಿ ಸೂಚ್ಯಂಕವನ್ನು ಇಳಿಸಿತು ಎಂಬುದು ಆರೋಪ. ತಡೆಹಿಡಿದ ಮೊತ್ತ 4,843 ಕೋಟಿ ರೂಪಾಯಿಗೂ ಹೆಚ್ಚು. ಸಂಸ್ಥೆ ಆರೋಪವನ್ನು ಅಲ್ಲಗಳೆದು ಮೇಲ್ಮನವಿ ಸಲ್ಲಿಸಿದೆ, ಆದ್ದರಿಂದ ತೀರ್ಪಿನ ಮಾತು ಈಗ ಬೇಡ. ಆದರೆ ಫೋನಿನಲ್ಲಿ ಸೂಚ್ಯಂಕದ ಗೆರೆ ಏರುವುದನ್ನು ಕಂಡು, ಬೆಲೆ ಏರಿದರೆ ಲಾಭ ತರುವ ಕಾಲ್ ಆಪ್ಷನ್ ಕೊಳ್ಳುವ ಹುಡುಗರಿಗೆ, ಆ ಗೆರೆಯನ್ನು ಏರಿಸುತ್ತಿರುವವರು ಯಾರು, ಏತಕ್ಕೆ ಎಂದು ತಿಳಿಯುವ ಯಾವ ದಾರಿಯೂ ಇಲ್ಲ.

ಬಾಡಿಗೆ ಅಲ್ಗೊದಿಂದ ಈ ಅಂತರ ಕಡಿಮೆಯಾಗುವುದಿಲ್ಲ. ನಿಮ್ಮ ಮನೆಯ ಇಂಟರ್ನೆಟ್ಟಿನಿಂದ ಹೊರಡುವ ಪ್ರೋಗ್ರಾಮ್ ಕೊ-ಲೊಕೇಶನ್‌ನಲ್ಲಿರುವ ಸರ್ವರಿಗಿಂತ ಸಾವಿರಾರು ಮೈಕ್ರೋಸೆಕೆಂಡ್ ಹಿಂದೆಯೇ ಇರುತ್ತದೆ. ನೂರಾರು ಮಂದಿಗೆ ಒಂದೇ ಅಲ್ಗೊ ಮಾರಿದ್ದರೆ ಎಲ್ಲರ ಆರ್ಡರ್‌ಗಳೂ ಒಂದೇ ಕ್ಷಣಕ್ಕೆ ಒಂದೇ ಕಡೆಗೆ ಬಂದು, ನಾನು ಮೇಲೆ ತೋರಿಸಿದ 212 ರೂಪಾಯಿಯ ಲೆಕ್ಕ ಅಲ್ಲೂ ಮರುಕಳಿಸುತ್ತದೆ. ನಿಯಮದ ಮಾತು ಹೇಳುವುದಾದರೆ, ಸೆಬಿ 2025ರ ಫೆಬ್ರುವರಿ 4ರ ಸುತ್ತೋಲೆಯಲ್ಲಿ ಸಾಮಾನ್ಯ ಹೂಡಿಕೆದಾರರ ಅಲ್ಗೊ ಬಳಕೆಗೆ ಚೌಕಟ್ಟು ಹಾಕಿದೆ. ಅಲ್ಗೊ ಬ್ರೋಕರ್ ಮೂಲಕವೇ ಬರಬೇಕು, ಅದಕ್ಕೆ ವಿನಿಮಯ ಕೇಂದ್ರದ ಗುರುತಿನ ಸಂಖ್ಯೆ ಇರಬೇಕು, ಒಳಗಿನ ತರ್ಕವನ್ನು ಬಿಟ್ಟುಕೊಡದೆ ಮಾರುವವರು ಸೆಬಿಯಲ್ಲಿ ರಿಸರ್ಚ್ ಅನಲಿಸ್ಟ್ ಆಗಿ ನೋಂದಾಯಿಸಿರಬೇಕು. ಅಣ್ಣನ ಮಗನಿಗೆ ಅಲ್ಗೊ ಮಾರಲು ಬಂದವರ ಬಳಿ ಈ ನೋಂದಣಿ ಸಂಖ್ಯೆ ಕೇಳಿ, ಸೆಬಿ ಜಾಲತಾಣದಲ್ಲಿ ತಾಳೆ ನೋಡಿ. ಟೆಲಿಗ್ರಾಂ ಗುಂಪಿನ ಲಾಭದ ಸ್ಕ್ರೀನ್‌ಶಾಟ್‌ಗಳನ್ನು ಪುರಾವೆ ಎಂದು ಒಪ್ಪಬೇಡಿ. ಲಾಗಿನ್ ಪಾಸ್‌ವರ್ಡ್ ಕೇಳಿದರೆ ಮಾತು ಅಲ್ಲಿಗೇ ನಿಲ್ಲಿಸಿ.

ಪ್ರಸಂಗಕ್ಕೆ ಬಂದದ್ದರಿಂದ ಹೇಳುತ್ತೇನೆ: ಯಂತ್ರಗಳ ವಹಿವಾಟು ನಿಮ್ಮ ಕಾಫಿಯನ್ನೂ ಬಿಟ್ಟಿಲ್ಲ. ನಿಮ್ಮೂರಿನ ವರ್ತಕರು ಐವತ್ತು ಕಿಲೋ ಚೀಲಕ್ಕೆ ಹೇಳುವ ರೊಬಸ್ಟಾ ದರ ಲಂಡನ್ನಿನ, ಅರೇಬಿಕಾ ದರ ನ್ಯೂಯಾರ್ಕಿನ ಫ್ಯೂಚರ್ಸ್ ಪೇಟೆಯನ್ನು ಅನುಸರಿಸುತ್ತದೆ, ಅಲ್ಲೂ ಆರ್ಡರ್ ಹಾಕುವವರಲ್ಲಿ ಪ್ರೋಗ್ರಾಮ್‌ಗಳಿವೆ. ಆದರೂ ಬ್ರೆಜಿಲ್ ಮತ್ತು ವಿಯೆಟ್ನಾಂಗಳ ಮಳೆ, ಬೆಳೆಯ ಪ್ರಮಾಣ, ಡಾಲರಿನ ದರ ಇವುಗಳೇ ಒಂದು ಹಂಗಾಮಿನ ಬೆಲೆಯನ್ನು ನಿರ್ಧರಿಸುತ್ತವೆ. ಷೇರಿನ ಐದು ವರ್ಷದ ಬೆಲೆಯೂ ಹಾಗೆಯೇ ಕಂಪನಿಯ ಗಳಿಕೆಯಿಂದ ನಿರ್ಧಾರವಾಗುತ್ತದೆ.

ನಿಮ್ಮ ಅನುಮಾನವನ್ನು ಪರೀಕ್ಷಿಸಲು ನಿಮ್ಮ ಬಳಿಯೇ ದಾಖಲೆ ಇದೆ. ವಹಿವಾಟು ನಡೆದ ದಿನ ಬ್ರೋಕರ್ ಇ-ಮೇಲಿಗೆ ಕಳಿಸುವ ಕಾಂಟ್ರಾಕ್ಟ್ ನೋಟ್ ತೆರೆಯಿರಿ. ಆರ್ಡರಿನ ಸಂಖ್ಯೆ, ಅದು ಪೇಟೆಗೆ ಹೋದ ಹೊತ್ತು, ವಹಿವಾಟು ನಡೆದ ಹೊತ್ತು, ಎಷ್ಟು ಷೇರು ಯಾವ ಬೆಲೆಗೆ ಬಂತು ಎಂಬುದೆಲ್ಲ ಅದರಲ್ಲಿರುತ್ತದೆ. ಒಂದೇ ಆರ್ಡರ್ ನಾಲ್ಕಾರು ಏರುಬೆಲೆಗಳಲ್ಲಿ ಪೂರ್ತಿಯಾಗಿದ್ದರೆ ಅದು ಮಾರ್ಕೆಟ್ ಆರ್ಡರಿನ ಪರಿಣಾಮ. ಅದರಲ್ಲಿರುವ ವಹಿವಾಟು ನಿಜಕ್ಕೂ ನಡೆದಿದೆಯೇ ಎಂದು ಎನ್‌ಎಸ್‌ಇ ಜಾಲತಾಣದ ಟ್ರೇಡ್ ವೆರಿಫಿಕೇಶನ್ ಪುಟದಲ್ಲಿ ನೋಡಬಹುದು. ಕೆಲವೇ ದಿನಗಳವರೆಗೆ ಲಭ್ಯವಿರುವುದರಿಂದ ತಡಮಾಡಬೇಡಿ. ತಾಳೆಯಾಗದಿದ್ದರೆ ಮೊದಲು ಬ್ರೋಕರಿಗೆ ಬರಹದಲ್ಲಿ ದೂರು ಕೊಡಿ, ಅಲ್ಲಿ ಬಗೆಹರಿಯದಿದ್ದರೆ ಸೆಬಿಯ ಸ್ಕೋರ್ಸ್ ಪೋರ್ಟಲ್‌ನಲ್ಲಿ ದಾಖಲಿಸಿ.